ಐದನೇ ಟೆಂಟಿನ ಚಕ್ಕುಬಂದಿ

ಭವಿಷ್ಯ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಿಕಾರಿಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು ನಾನು. ಶಕುನ, ಪ್ರಸಾದ, ಕನಸು ಎಂದು ಮಾತೆತ್ತಿದವರನ್ನು ಸ್ಟಾಫ್ ರೂಮಿನಲ್ಲೇ ನೀರಿಳಿಸಿ ಕಳಿಸಿದ್ದೇನೆ. ಇದನ್ನು ಓದಿ ನೀವು ನನ್ನ ನೀರಿಳಿಸಿದರೂ ಬೇಸರವಿಲ್ಲ.

ಆಫ್ರಿಕಾದ ಆನೆ ನೋಡಬೇಕೆಂಬುದು ನನ್ನ ಹೆಂಡತಿ ಸುಧಾಳ ಬಹಳ ಹಳೆಯ ಆಸೆ. ಎರಡು ವರ್ಷ ಕೂತು ಯೋಜನೆ ಹಾಕಿದವನು ನಾನು. ಟಾಂಜಾನಿಯಾದಲ್ಲಿ ಏಪ್ರಿಲ್ ಮಳೆಗಾಲ. ಕಾಡೆಲ್ಲ ಹಸಿರು, ಜೀಪುಗಳ ಸಂತೆ ಇಲ್ಲ, ನನಗೆ ರಜೆಯೂ ಹೌದು. ಇಷ್ಟನ್ನು ನಮ್ಮ ನೆಂಟರಿಗೆ ವಿವರಿಸುವುದು ಗೋಡೆಗೆ ಪಾಠ ಹೇಳಿದಂತೆ. "ಮಳೇಲಿ ಯಾರಾದ್ರೂ ಕಾಡಿಗೆ ಹೋಗ್ತಾರೇನ್ರೀ?" ಎಂದರು ಒಬ್ಬರು. "ಹಕ್ಕಿ ನೋಡಕ್ಕೆ ಗುಡವಿ ಇಲ್ವಾ?" ಎಂದರು ಇನ್ನೊಬ್ಬರು. ಗುಡವಿಗೂ ಬುತ್ತಿ ಬಿಚ್ಚಿ ತಿನ್ನಲು ಹೋಗುವ ಜನ ಇವರು!

ಸುಧಾಳ ಸೋದರಮಾವ ಆನವಟ್ಟಿಯಲ್ಲಿ ಬಾಂಡ್ ರೈಟರ್. ಕ್ರಯಪತ್ರ ಬರೆದು ಬರೆದು ಅವರಿಗೆ ಲೋಕವೇ ಒಂದು ಕ್ರಯಪತ್ರವಾಗಿದೆ. ಹೊರಡುವ ಮುಂಚಿನ ತಿಂಗಳು ಇಬ್ಬರೂ ಅವರ ಮನೆಗೆ ಹೋದಾಗ, ಸಫಾರಿ ಕ್ಯಾಂಪಿನವರು ಕಳಿಸಿದ ಬುಕಿಂಗ್ ಹಾಳೆ ತೋರಿಸಿದೆ. ಅವರು ಕನ್ನಡಕ ಏರಿಸಿ, ಹಿಂದೆ ಮುಂದೆ ತಿರುಗಿಸಿ, "ಟೆಂಟ್ ನಂಬರ್ ಐದು ಅಂತಿದೆ. ಚಕ್ಕುಬಂದಿ ಎಲ್ಲಿ ಅಳಿಯಂದ್ರೇ?" ಎಂದರು.

ಹೊಲ ಕೊಳ್ಳುವಾಗ ನಾಲ್ಕು ದಿಕ್ಕಿನ ಗಡಿ ಬರೆಸಬೇಕು, ಸರಿ. ನಾಲ್ಕು ದಿನ ಇರುವ ಟೆಂಟಿಗೂ ಚಕ್ಕುಬಂದಿಯೇ? ನಾನು ಬಿದ್ದು ಬಿದ್ದು ನಕ್ಕೆ. ಅವರು ಹಾಳೆಯ ಹಿಂಬದಿಯಲ್ಲಿ ಬರೆದೇಬಿಟ್ಟರು: ಪೂರ್ವಕ್ಕೆ ಹುತ್ತ, ಪಶ್ಚಿಮಕ್ಕೆ ಕಾಲುದಾರಿ, ದಕ್ಷಿಣಕ್ಕೆ ಹಳ್ಳ, ಉತ್ತರಕ್ಕೆ ಬಿದ್ದ ಮರ. ಆ ಹಾಳೆಯಲ್ಲಿ ನಕ್ಷೆಯೇ ಇರಲಿಲ್ಲ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಬಸ್ಸಿನಲ್ಲಿ ಶಿಕಾರಿಪುರದವರೆಗೂ ಆಡಿಕೊಂಡೆ. ಸುಧಾ ಹಾಳೆಯ ಹಿಂಬದಿಯನ್ನೇ ಮತ್ತೆ ಮತ್ತೆ ಓದುತ್ತಿದ್ದಳು.

ಕ್ಯಾಂಪಿನಲ್ಲಿ ನಮ್ಮನ್ನು ಬಿಟ್ಟರೆ ಇನ್ನಿಬ್ಬರೇ ಅತಿಥಿಗಳು. ಅಲ್ಲಿ ಇಳಿದ ಮೇಲೆ ಗೊತ್ತಾಯಿತು, ಸುಧಾ ನನಗೆ ಹೇಳದೆ ಅವರಿಗೆ ಬರೆದು ಟೆಂಟ್ ಬದಲಿಸಿದ್ದಳು. ನಮಗೆ ಏಳನೆಯದು ಸಿಕ್ಕಿತ್ತು. ಓದಿದ ಹೆಂಗಸು ಬಾಂಡ್ ರೈಟರ್ ಮಾತಿಗೆ ಹೆದರಿದಳಲ್ಲ ಎಂದು ನನಗೆ ಹೇಸಿಗೆಯೇ ಆಯಿತು. ಅವಳನ್ನು ಕರೆದೊಯ್ದು ಖಾಲಿ ಇದ್ದ ಐದನೇ ಟೆಂಟಿನ ಮುಂದೆ ನಿಲ್ಲಿಸಿದೆ. ಪೂರ್ವಕ್ಕೆ ಹುತ್ತ ಇತ್ತು. ಕಾಲುದಾರಿ, ಹಳ್ಳ ಎರಡೂ ಇದ್ದವು. ಕಾಡೆಂದ ಮೇಲೆ ಇವು ಇರದೆ ಇನ್ನೇನು? ಆದರೆ ಉತ್ತರದ ದೊಡ್ಡ ಮರ ನೆಟ್ಟಗೆ ನಿಂತಿತ್ತು. "ನೋಡು, ಬಿದ್ದ ಮರ!" ಎಂದು ಅದರ ಬೊಡ್ಡೆ ತಟ್ಟಿ ನಕ್ಕೆ. ಸುಧಾ ಮರವನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

ಮೂರನೇ ದಿನ ಮಧ್ಯಾಹ್ನ, ಸಣ್ಣ ಮಳೆಯಲ್ಲಿ ನಾವು ನಮ್ಮ ಟೆಂಟಿನಲ್ಲಿ ಚಹಾ ಕುಡಿಯುತ್ತಿದ್ದಾಗ ಆ ಮರ ಬಿತ್ತು. ಐದನೇ ಟೆಂಟ್ ನೆಲಕಚ್ಚಿತ್ತು. ಒಳಗಿನ ಮಂಚ ಎರಡು ತುಂಡಾಗಿತ್ತು. ನೆಂದ ಮಣ್ಣು, ಸಡಿಲ ಬೇರು ಎಂದು ನಾನು ವಿವರಿಸತೊಡಗಿದೆ. ಅದನ್ನೇ ಮೂರು ಸಲ ವಿವರಿಸಿದೆ.

ಊರಿಗೆ ಬಂದ ಮರುದಿನವೇ ಸುಧಾಳ ಜೊತೆ ಆನವಟ್ಟಿಗೆ ಹೋದೆ. ಮಾವನ ಕಾಲಿಗೆ ಬೀಳಲೂ ಸಿದ್ಧನಾಗಿದ್ದೆ. "ನಿಮಗೆ ಹೇಗೆ ಗೊತ್ತಾಯ್ತು ಮಾವ?" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನನಗೇನು ಗೊತ್ತು ಅಳಿಯಂದ್ರೇ? ಪಾರ್ಟಿ ಹೇಳ್ದೆ ನಾನು ಯಾವತ್ತೂ ಚಕ್ಕುಬಂದಿ ಬರ್ದವನಲ್ಲ. ನೀವು ಕಣ್ಮುಚ್ಕೊಂಡು ಒಂದೊಂದೇ ದಿಕ್ಕು ಹೇಳಿದ್ರಿ, ನಾನು ಬರ್ಕೊಂಡೆ."

ನಾನು ಸುಧಾಳ ಕಡೆ ತಿರುಗಿದೆ.

"ಹೂಂ ರೀ, ಹೇಳಿದ್ದು ನೀವೇ. ಮಾವ ಹೇಳಿದ್ರೆ ನಾನೂ ನಗ್ತಿದ್ದೆ. ನೀವು ಹೇಳಿ, ಆಮೇಲೆ ನೀವೇ ನಗಕ್ಕೆ ಶುರು ಮಾಡಿದ್ರಲ್ಲ, ಅದಕ್ಕೇ ಹೆದರ್ಕೊಂಡು ಟೆಂಟ್ ಬದಲಾಯಿಸ್ದೆ."

ಆ ಹಾಳೆ ನನ್ನ ಬಳಿ ಇದೆ. ಅಕ್ಷರ ಮಾವನದು. ಹೇಳಿದ ನೆನಪು ನನಗಿಲ್ಲ, ನಕ್ಕ ನೆನಪು ಮಾತ್ರ ಚೆನ್ನಾಗಿದೆ. ಈಗ ಸ್ಟಾಫ್ ರೂಮಿನಲ್ಲಿ ಯಾರಾದರೂ ಶಕುನದ ಮಾತೆತ್ತಿದರೆ ನಾನು ಸುಮ್ಮನಿರುತ್ತೇನೆ. ನಂಬಿಕೆ ಬಂದಿದೆ ಎಂದಲ್ಲ. ಬಾಯಿ ತೆರೆದರೆ ಏನು ಹೇಳಿಬಿಡುತ್ತೇನೋ ಎಂಬ ಹೆದರಿಕೆ.