ಬಚ್ಚಲ ನೀರಿನ ಬಿಸಿ

ಮೊನ್ನೆ ನಮ್ಮ ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ತೊಟ್ಟಿಯೊಂದರ ಮುಚ್ಚಳ ತೆಗೆದರು. ಸೋಪು, ಸೀಗೆಕಾಯಿ, ಎಣ್ಣೆಜಿಡ್ಡು ಬೆರೆತ ಬೆಚ್ಚನೆಯ ಬಚ್ಚಲ ನೀರಿನ ವಾಸನೆ ಮುಖಕ್ಕೆ ಹೊಡೆಯಿತು. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಮೇಸ್ತ್ರಿ ನೆನಪಾದರು...

ತೊಂಬತ್ತರ ದಶಕದಲ್ಲಿ ನಾನು ಜಯನಗರದ ಒಂದು ಕಲ್ಯಾಣ ಮಂಟಪದ ಮ್ಯಾನೇಜರ್. ಅವರು ಅಲ್ಲಿನ ಸೌದೆ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಬಾಗಿಲು ಹಾಕಿದ ಯಾವುದೋ ಬಟ್ಟೆ ಗಿರಣಿಯಲ್ಲಿ ಅರ್ಧ ಆಯಸ್ಸು ಕಳೆದಿದ್ದರು. ಪಕ್ಕದ ಸಿದ್ದಾಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಮದುವೆಯ ಬೆಳಗ್ಗೆ ಇಡೀ ದಿಬ್ಬಣ ಒಟ್ಟಿಗೇ ಸ್ನಾನಕ್ಕೆ ನುಗ್ಗುತ್ತಿತ್ತು. ಎಷ್ಟು ಸೌದೆ ಉರಿಸಿದರೂ ಕೊನೆಯವರಿಗೆ ತಣ್ಣೀರೇ. ಬೈಸಿಕೊಳ್ಳುತ್ತಿದ್ದವರು ಮೇಸ್ತ್ರಿ.

"ಮೈ ಮೇಲಿಂದ ಇಳಿದು ಹೋಗೋ ನೀರಲ್ಲಿ ಇನ್ನೂ ಬಿಸಿ ಇರುತ್ತೆ ಸಾರ್. ಸುಮ್ನೆ ಮೋರಿಗೆ ಹೋಗ್ತಿದೆ," ಎಂದರು ಒಂದು ದಿನ.

ಬಚ್ಚಲುಗಳ ನೀರೆಲ್ಲ ಬಂದು ಸೇರುವ ಹಿತ್ತಲ ತೊಟ್ಟಿಯಲ್ಲಿ ತಾಮ್ರದ ಪೈಪನ್ನು ಚಕ್ಕುಲಿಯಂತೆ ಸುತ್ತಿ ಮುಳುಗಿಸಿದರು. ಬಾಯ್ಲರಿಗೆ ಹೋಗುವ ತಣ್ಣೀರು ಆ ಪೈಪಿನೊಳಗೆ ಹಾದು, ಬೆಚ್ಚಗಾಗಿ ಮುಂದೆ ಹೋಗುತ್ತಿತ್ತು. ಒಳಗಿನ ನೀರು ಒಳಗೆ, ಹೊರಗಿನದು ಹೊರಗೆ. ಒಂದು ಹನಿಯೂ ಬೆರೆಯುತ್ತಿರಲಿಲ್ಲ. ದಾಟುತ್ತಿದ್ದದ್ದು ಬಿಸಿ ಮಾತ್ರ. ನನ್ನ ಕೈ ಹಿಡಿದು ಪೈಪು ಮುಟ್ಟಿಸಿ ತೋರಿಸಿದ್ದರು. ಆ ನೀರಿನಲ್ಲಿ ನಾನೇ ಎಷ್ಟೋ ಬೆಳಗ್ಗೆ ಸ್ನಾನ ಮಾಡಿದ್ದೇನೆ. ಸೌದೆಯೂ ಉಳಿಯಿತು, ಕೊನೆಯವರಿಗೂ ಬಿಸಿನೀರು ಸಿಕ್ಕಿತು.

ಒಂದು ಮದುವೆಯಲ್ಲಿ ಗಂಡಿನ ಸೋದರಮಾವ ಹಿತ್ತಲಿಗೆ ಬಂದವರು ತೊಟ್ಟಿಯೊಳಗಿನ ಪೈಪು ನೋಡಿಬಿಟ್ಟರು. "ಅಯ್ಯಯ್ಯೋ, ಬಚ್ಚಲ ನೀರಲ್ಲಿ ನಮ್ಮ ಹುಡುಗನಿಗೆ ಮಂಗಳಸ್ನಾನ ಮಾಡಿಸಿದ್ರಲ್ರೀ!"

ಅಷ್ಟೇ ಸಾಕಾಯಿತು. ಮೈಲಿಗೆ, ಮೈಲಿಗೆ ಎಂದು ಮಂಟಪವೆಲ್ಲ ಕೂಗಾಟ. "ಸೇರಲ್ಲ ಸ್ವಾಮಿ, ಮುಟ್ಟಿ ನೋಡಿ," ಎಂದು ಮೇಸ್ತ್ರಿ ಕೈಮುಗಿದರೆ, ಹತ್ತಿರ ಬರಬೇಡ ಎಂದು ಗದರಿದರು. ಮೈಲಿಗೆ ಕಳೆಯಲು ಎಲ್ಲರಿಗೂ ಮತ್ತೆ ಸ್ನಾನ ಆಗಬೇಕಂತೆ, ಅದಕ್ಕೂ ಬಿಸಿನೀರೇ ಬೇಕಂತೆ! ಮುಹೂರ್ತ ಮೀರುತ್ತಿತ್ತು, ಪೈಪು ಬಿಚ್ಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಅದೇ ಪೈಪು ಹಾದು ಬಂದ ನೀರಿನಲ್ಲೇ ಮಿಂದು, ಶುದ್ಧರಾಗಿ, ಹೋಳಿಗೆ ಊಟ ಹೊಡೆದರು ಮಹಾನುಭಾವರು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಆದರೆ ಅವರನ್ನು ಬೈಯಲು ನನಗೆಲ್ಲಿದೆ ಯೋಗ್ಯತೆ? ಸಂಜೆ ಮಾಲೀಕರು ಮೇಸ್ತ್ರಿಯ ಎದುರೇ ನನ್ನನ್ನು ಕೇಳಿದರು. "ಇದು ನಿಮಗೆ ಗೊತ್ತಿತ್ತೇನ್ರೀ?"

"ಇಲ್ಲ ಸಾರ್, ಗೊತ್ತಿರ್ಲಿಲ್ಲ," ಎಂದೆ.

ಥೂ, ನನ್ನ ಜನ್ಮಕ್ಕೆ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಯಮಾನ ನನ್ನದು. ಮೇಸ್ತ್ರಿ ಒಮ್ಮೆ ನನ್ನ ಮುಖ ನೋಡಿದರು. ನೀವೇ ಮುಟ್ಟಿ ನೋಡಿದ್ರಲ್ಲ ಸಾರ್ ಎಂದು ಅವರು ಬಾಯಿಬಿಟ್ಟಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತು. ಬಿಡಲಿಲ್ಲ... ಮಾಲೀಕರು ಅವರ ಕೈಯಿಂದಲೇ ಪೈಪು ಕತ್ತರಿಸಿ ತೆಗೆಸಿದರು. ನಾಳೆಯಿಂದ ಬರಬೇಡ ಎಂದರು.

ನಾನು ಕುರ್ಚಿ ಉಳಿಸಿಕೊಂಡೆ. ಕ್ಷಮೆ ಕೇಳೋಣವೆಂದು ಧೈರ್ಯ ಮಾಡಿ ಸಿದ್ದಾಪುರಕ್ಕೆ ಹೋಗುವಷ್ಟರಲ್ಲಿ ವರ್ಷಗಳೇ ಉರುಳಿದ್ದವು. "ಅವರು ತೀರ್ಕೊಂಡ್ರಲ್ಲ ಸಾರ್," ಎಂದರು ಪಕ್ಕದ ಮನೆಯಾಕೆ.

ಮೊನ್ನೆ ನಮ್ಮ ನೆಲಮಾಳಿಗೆಯ ತೊಟ್ಟಿಯೊಳಗೆ ಅಂಥದೇ ತಾಮ್ರದ ಸುರುಳಿ. ಅದನ್ನು ಕೂರಿಸಿದ ಇಂಜಿನಿಯರ್ ಹುಡುಗಿ ಎಲ್ಲ ವಿವರಿಸಿದಳು. "ಸಖತ್ ಐಡಿಯಾ!" ಎಂದು ನಮ್ಮ ಅಸೋಸಿಯೇಷನ್ನಿನವರು ಚಪ್ಪಾಳೆ ತಟ್ಟಿದರು. ನಾನೊಬ್ಬ ತೊಟ್ಟಿಯೊಳಗೆ ಬಗ್ಗಿ ನೋಡುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು.

"ಹೆದರ್ಕೋಬೇಡಿ ಅಂಕಲ್, ನೀರು ಮಿಕ್ಸ್ ಆಗಲ್ಲ."

"ಗೊತ್ತಮ್ಮಾ," ಎಂದೆ. "ನಂಗೆ ಆಗ್ಲೇ ಗೊತ್ತಿತ್ತು."

ಅವಳಿಗೆ ಅರ್ಥವಾಗಲಿಲ್ಲ. ಆ ಮಾತನ್ನು ಕೇಳಿಸಿಕೊಳ್ಳಬೇಕಾಗಿದ್ದ ಒಬ್ಬರೇ ಒಬ್ಬರು ಈಗಿಲ್ಲ.