ತೋಟಪ್ಪನವರ ಒದ್ದೆ ಬೆರಳು

ಶಿರಾಳಕೊಪ್ಪದ ಸೊರಬ ರಸ್ತೆಯಲ್ಲಿ ಇನ್ನೂ ಯಾವ ಅಂಗಡಿಯ ಹಲಗೆಯನ್ನೂ ತೆಗೆದಿಲ್ಲ. ರೇಡಿಯೋ ರಿಪೇರಿಯ ತೋಟಪ್ಪನವರು ಮಾತ್ರ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಾಗಿಲ ಬೆಳಕಿಗೆ ಬಂದು ಕೂತಿದ್ದಾರೆ. ಮುಂದೆ ಮುಳ್ಳಿನ ಮೀಟರು, ಪಕ್ಕದಲ್ಲಿ ಕಡಲೆಕಾಳಿನಷ್ಟು ದಪ್ಪದ, ಮೂರು ಕಾಲಿನ ಟ್ರಾನ್ಸಿಸ್ಟರು.

"ಏಳಪ್ಪಾ ಮುಳ್ಳೇ, ಏಳು! ನಿಂಗೆ ಮಂಗಳಾರತಿ ಬೇರೆ ಎತ್ತಬೇಕೇನು?"

ಹನ್ನೊಂದು ವರ್ಷದಿಂದ ಇದೇ ಕಸುಬು. ಶಿಕಾರಿಪುರ, ಸೊರಬದ ಹಳ್ಳಿಗಳಿಂದ ವಾರಕ್ಕೆ ಐದಾರು ವಾಲ್ವ್ ರೇಡಿಯೋ ಬರುತ್ತವೆ. ಅವುಗಳ ಮೇಲೆ ಅವರಿಗೆ ಸಿಟ್ಟಿಲ್ಲ. "ವಾಲ್ವು ಕೆಂಪಗೆ ಉರಿದು ನಾನು ಬದುಕೀನಿ ಅಂತ ಹೇಳ್ತೈತೆ. ಈ ಮೂರು ಕಾಲಿನ ಹುಳ ಸತ್ರೂ ಅದೇ ಮುಖ, ಬದುಕಿದ್ರೂ ಅದೇ ಮುಖ!"

ಮುಖ ನೋಡಿ ತಿಳಿಯದ್ದನ್ನು ಮೀಟರಿನಿಂದ ತಿಳಿಯಬೇಕು. ಹುಳದ ಎರಡು ಕಾಲಿಗೆ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿ, ಮೂರನೆಯ ಕಾಲಿಗೆ ಬೆರಳಿನ ಮೂಲಕ ಎಳ್ಳಷ್ಟು ಕರೆಂಟು ಹರಿಸಬೇಕು. ಆ ಎಳ್ಳನ್ನು ಹುಳ ಎಷ್ಟು ಪಾಲು ಹೆಚ್ಚಿಸುತ್ತದೋ ಮುಳ್ಳು ಅಷ್ಟು ಏಳುತ್ತದೆ. ಅದೇ ಅದರ ಗೇನು, ಅದೇ ಅದರ ಕಸುವು.

ಸೊರಬದ ಧರ್ಮಪ್ಪನವರ ಸೆಟ್ಟು ತೋಟಪ್ಪನವರ ನಿದ್ದೆ ಕೆಡಿಸಿದ್ದು ಇಲ್ಲೇ. ಬೊಂಬಾಯಿಯಿಂದ ತಂದ ಪುಟ್ಟ ಟ್ರಾನ್ಸಿಸ್ಟರ್ ರೇಡಿಯೋ, ದನಿ ಮಾತ್ರ ಕ್ಷೀಣ. ಬೆಳಿಗ್ಗೆ ಅಳೆದರು, ಹುಳ ಗಟ್ಟಿ ಎಂದಿತು ಮುಳ್ಳು. ಸೆಲ್ಲು ಬದಲಿಸಿ ಕಳಿಸಿದರು. ನಾಲ್ಕೇ ದಿನಕ್ಕೆ ವಾಪಸ್ಸು. ಮತ್ತೆ ಬೆಳಿಗ್ಗೆ ಅಳೆದರು, ಮತ್ತೆ ಗಟ್ಟಿ. ಬೆಸುಗೆ ಹೊಸದು ಮಾಡಿ ಕಳಿಸಿದರು. ಮೂರನೆಯ ಸಲ ಧರ್ಮಪ್ಪನವರು ಸೆಟ್ಟನ್ನು ಮೇಜಿನ ಮೇಲೆ ಕುಕ್ಕಿಯೇ ಇಟ್ಟರು.

"ಮಾರಾಯ್ರೇ, ಇದು ಹಾಡ್ತದೋ, ನರಳ್ತದೋ? ಈ ಸಲವೂ ಆಗದಿದ್ರೆ ಶಿವಮೊಗ್ಗಕ್ಕೆ ಕೊಡ್ತೇನೆ. ಹೊಸ ಸೆಟ್ಟು ನಿಮ್ಮ ಕೈಲಿ ಆಗೋದಲ್ಲ ಅಂತ ಊರಿಗೆಲ್ಲ ಹೇಳ್ತೇನೆ."

ಇನ್ನು ಮೇಲೆ ಬರುವುದೆಲ್ಲ ಹೊಸ ಸೆಟ್ಟೇ ಎಂದು ತೋಟಪ್ಪನವರಿಗೆ ಗೊತ್ತು. ಆ ಮಾತು ಊರಲ್ಲಿ ಹಬ್ಬಿದರೆ ಅಂಗಡಿಯ ಹಲಗೆ ಹಾಕಿದಂತೆಯೇ. ಅಂದು ಉರಿಬಿಸಿಲಿನ ಮಧ್ಯಾಹ್ನ ಅದೇ ಹುಳವನ್ನು ಅಳೆದರೆ ಮುಳ್ಳು ಮಿಸುಕಲೇ ಇಲ್ಲ. "ಬೆಳಿಗ್ಗೆ ಒಂದ್ಮಾತು, ಮಧ್ಯಾಹ್ನ ಒಂದ್ಮಾತು! ನೀನೇನು ಮೀಟರೋ, ಪುಢಾರಿಯೋ?" ಎಂದು ಕಿರುಚಿದರು.

ಒಳಗಿನಿಂದ ಹೆಂಡತಿ ಜಗದಾಂಬ ಕೇಳಿದರಂತೆ: "ಅದಕ್ಯಾಕ್ರೀ ಬೈತೀರಿ? ಬೆಳಿಗ್ಗೆ ಲಿಂಗಕ್ಕೆ ನೀರೆರೆದ ಕೈಯಾಗೇ ಮುಟ್ಟತೀರಿ. ಈಗ ಕೈ ಒಣಗೈತಲ್ಲ."

ಅಷ್ಟೇ. ಒದ್ದೆ ಬೆರಳಿನಲ್ಲಿ ಕರೆಂಟು ಧಾರಾಳವಾಗಿ ಹರಿಯುತ್ತದೆ. ಸಾಯುತ್ತಿರುವ ಹುಳವೂ ಅದರ ಬಲದಲ್ಲಿ ಮುಳ್ಳನ್ನು ಎತ್ತಿಬಿಡುತ್ತದೆ. ಪೂಜೆಯಾಗದೆ ಕೆಲಸ ಮುಟ್ಟದ ತೋಟಪ್ಪನವರಿಗೆ ಪೂಜೆಯ ನೀರೇ ಮುಳ್ಳಿನಿಂದ ಸುಳ್ಳು ಸಾಕ್ಷಿ ಹೇಳಿಸಿತ್ತು! ಪೂಜೆ ಬಿಡಲಿಲ್ಲ, ಬೆರಳನ್ನು ಬಿಟ್ಟರು. ಬೆರಳಿನ ಜಾಗಕ್ಕೆ, ಸದಾ ಒಂದೇ ಅಳತೆಯಲ್ಲಿ ಕರೆಂಟು ಬಿಡುವ ಒಂದು ಲಕ್ಷ ಓಮಿನ ರೆಸಿಸ್ಟರು ಬಂತು. ಅದು ಬೆವರುವುದಿಲ್ಲ, ಸ್ನಾನ ಮಾಡುವುದಿಲ್ಲ. ಅದನ್ನಿಟ್ಟು ಅಳೆದು, ಸೊರಗಿದ ಹುಳವನ್ನು ಕಿತ್ತು, ಕಸುವುಳ್ಳದ್ದನ್ನು ಬೆಸೆದು ಸೊರಬಕ್ಕೆ ಕಳಿಸಿದರು.

ಇಂದಿಗೆ ಇಪ್ಪತ್ತೆರಡು ದಿನ. ಸೊರಬದ ಮೊದಲ ಬಸ್ಸು ಧೂಳೆಬ್ಬಿಸಿ ನಿಲ್ಲುತ್ತದೆ. ತೋಟಪ್ಪನವರ ಕೈ ನಿಲ್ಲುತ್ತದೆ, ಕತ್ತು ಉದ್ದವಾಗುತ್ತದೆ. ಬಾಳೆಗೊನೆ ಹೊತ್ತವರು, ಸಂತೆಯ ಚೀಲದವರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಬಸ್ಸು ಹೊರಡುತ್ತದೆ.

"ಧರ್ಮಪ್ಪನೋರು ಇವತ್ತೂ ಬರ್ಲಿಲ್ಲ ಕಣೇ!"

"ಗಿರಾಕಿ ಬರ್ಲಿಲ್ಲ ಅಂತ ಹಿಗ್ಗೋ ಅಂಗಡಿಯೋರನ್ನ ನಿಮ್ಮನ್ನೇ ನೋಡಿದ್ದು" ಎನ್ನುತ್ತಾರೆ ಜಗದಾಂಬ.

"ನಮ್ಮ ಕಸುಬಿಗೆ ಅದೇ ಸರ್ಟಿಫಿಕೇಟು" ಎಂದು ತೋಟಪ್ಪನವರು ಮತ್ತೆ ಮುಳ್ಳನ್ನು ಬೈಯಲು ಬಗ್ಗುತ್ತಾರೆ.