ಬರಿಗಾಲಲ್ಲಿ ಮನೆ ನೋಡಿದ್ದು

ಯಾರ ಮನೆಗೇ ಹೋಗಲಿ, ಹೊಸ್ತಿಲು ಕಂಡ ಕೂಡಲೇ ನನ್ನ ಕಾಲು ನನ್ನನ್ನು ಕೇಳದೆ ಚಪ್ಪಲಿ ಬಿಟ್ಟುಬಿಡುತ್ತದೆ. ಒಮ್ಮೆ ಹಲ್ಲಿನ ಡಾಕ್ಟರ ಬಳಿಯೂ ಹೀಗಾಗಿ, ಬಾಯಿ ತೆರೆದು ಮಲಗಿದ್ದ ನನ್ನ ಹಲ್ಲಿಗಿಂತ ಕಾಲ್ಬೆರಳುಗಳನ್ನೇ ಅವರು ಹೆಚ್ಚು ನೋಡಿದರು. ಇದು ಮೈಸೂರಿನ ಅಭ್ಯಾಸ. ಬ್ರಿಸ್ಬೇನಿಗೆ ಹೊರಟಾಗ ವಿಮಾನದವರು ತೂಕ ಹಾಕದೆ ಬಿಟ್ಟ ಸಾಮಾನು ಇದೊಂದೇ.

ನಾನೂ ನನ್ನ ಗಂಡ ರಘುವೂ ಇಲ್ಲಿ ಬಂದಿಳಿದಾಗ ಅಮ್ಮನಿಗೆ ಒಂದೇ ಚಿಂತೆ. "ದ್ವೀಪ ಅಂತಾರಲ್ಲೇ, ಸುತ್ತ ನೀರು. ಮಲಗಿದಾಗ ಏನಾದ್ರೂ ಅಲ್ಲಾಡತ್ತಾ?" ಎಂದು ಫೋನಿನಲ್ಲಿ ಕೇಳಿದಳು. ಅವಳನ್ನು ನೋಡಿ ನಗುವಂತಿಲ್ಲ. ನಮ್ಮ ಪುರಾಣಗಳು ದೊಡ್ಡ ದೊಡ್ಡ ಖಂಡಗಳನ್ನೆಲ್ಲ ದ್ವೀಪವೆಂದೇ ಕರೆದು, ಒಂದರ ಸುತ್ತ ಉಪ್ಪುನೀರು, ಇನ್ನೊಂದರ ಸುತ್ತ ಕಬ್ಬಿನ ಹಾಲು, ಮತ್ತೊಂದರ ಸುತ್ತ ಮೊಸರು ತುಂಬಿಸಿಟ್ಟಿವೆ. ಮೊಸರಿನ ಕಡಲ ಪಕ್ಕದಲ್ಲಿ ಬಾಡಿಗೆ ಮನೆ ಹಿಡಿಯುವುದು ಹೇಗೆಂದು ಮಾತ್ರ ಯಾವ ಪುರಾಣವೂ ಹೇಳಿದ ಹಾಗಿಲ್ಲ.

ನಮಗೆ ಬೇಕಿದ್ದುದು ಅದೇ. ಸನ್ನಿಬ್ಯಾಂಕ್ ಎಂಬ ಬಡಾವಣೆಯಲ್ಲಿ ರಘುವಿನ ಗೆಳೆಯನ ಮನೆಯ ಒಂದು ಕೋಣೆಯಲ್ಲಿ ಉಳಿದುಕೊಂಡಿದ್ದೆವು. ಆ ಗೆಳೆಯನ ಅತ್ತೆ ಮಾವ ಬೆಂಗಳೂರಿನಿಂದ ಬರುವವರಿದ್ದರು. ಅಷ್ಟರೊಳಗೆ ಮನೆ ಸಿಗದಿದ್ದರೆ ನಾನು ದೂರದ ಪರ್ತ್ ನಗರದ ಬೆಂಟ್ಲಿ ಬಡಾವಣೆಯಲ್ಲಿ ಓದುತ್ತಿರುವ ತಂಗಿಯ ಕೋಣೆ ಸೇರಬೇಕು, ರಘು ಇಲ್ಲೇ ಎಲ್ಲಾದರೂ ಕಾಲೂರಬೇಕು. ಮದುವೆಯಾದ ವರ್ಷವೇ ಖಂಡದ ಈ ತುದಿಗೊಬ್ಬರು, ಆ ತುದಿಗೊಬ್ಬರು. ನೆನೆದರೆ ನನಗೆ ಅಳುವೇ ಬರುತ್ತಿತ್ತು.

ಇಲ್ಲಿ ಶನಿವಾರ ಬೆಳಿಗ್ಗೆ ಏಜೆಂಟರು ಬಂದು ಬಾಡಿಗೆಗಿರುವ ಮನೆಯ ಬಾಗಿಲು ತೆಗೆಯುತ್ತಾರೆ. ಸಾಲಾಗಿ ನಿಂತವರೆಲ್ಲ ಒಟ್ಟಿಗೇ ಒಳನುಗ್ಗಿ ಮನೆ ನೋಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರವೇ. ಆದರೆ ಕೇಸರಿಬಾತು ಇಲ್ಲ, ಒಲ್ಲೆ ಎನ್ನುವ ಅಧಿಕಾರವೆಲ್ಲ ಮನೆಯ ಕಡೆಯವರದು. ಅವರಿಗೋ, ಈ ದೇಶದಲ್ಲಿ ಮೊದಲೇ ಬಾಡಿಗೆಗೆ ಇದ್ದು ಒಳ್ಳೆಯವರೆನಿಸಿಕೊಂಡವರೇ ಬೇಕು. ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ. ವಾರವಾರವೂ ಹೋದೆವು, ವಾರವಾರವೂ ನಮ್ಮನ್ನು ಒಲ್ಲೆ ಎಂದರು.

ಆ ಶನಿವಾರದ್ದು ಮರದ ಮನೆ. ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಹಳೆಯ ಕಟ್ಟಡ. ಮೆಟ್ಟಿಲು ಹತ್ತಿದರೆ ವರಾಂಡ, ಅದಕ್ಕೆ ಒರಗಿದಂತೆ ಒಂದು ದೇವಕಣಗಿಲೆ ಮರ. ನನ್ನ ಕಾಲು ಚಪ್ಪಲಿ ಬಿಟ್ಟಿತು. ನನ್ನನ್ನು ನೋಡಿ ರಘು ಶೂ ಬಿಚ್ಚಿದ. ಹಿಂದಿದ್ದವರು ಇದು ಈ ಮನೆಯ ನಿಯಮವಿರಬೇಕೆಂದುಕೊಂಡು ತಾವೂ ಬಿಚ್ಚಿದರು. ನೋಡನೋಡುತ್ತಿದ್ದಂತೆ ವರಾಂಡ ಶನಿವಾರದ ಆಂಜನೇಯನ ಗುಡಿಯ ಮುಂಭಾಗವಾಯಿತು. ಏಜೆಂಟ್ ಹುಡುಗಿಯೊಬ್ಬಳೇ ಹೈಹೀಲ್ಸ್ ಹಾಕಿಕೊಂಡು, ಏನೋ ತಪ್ಪು ಮಾಡಿದವಳ ಹಾಗೆ ಮೂಲೆಯಲ್ಲಿ ನಿಂತಿದ್ದಳು.

ಉಳಿದವರು ಟೇಪು ಹಿಡಿದು ಫ್ರಿಜ್ಜಿನ ಜಾಗ ಅಳೆದರು, ನಲ್ಲಿ ತಿರುಗಿಸಿ ನೋಡಿದರು. ನಾನೂ ಅಳೆಯಬೇಕಿತ್ತು. ಅಂಗಾಲಿಗೆ ಹಲಗೆ ತಣ್ಣಗೆ ತಾಗಿದ್ದೇ ನನಗೆ ಮಂಪರು ಹತ್ತಿತು. ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮಳೆಗೆ ಮುಂಚಿನ ಬೆಚ್ಚನೆಯ ಗಾಳಿ. ಯಾವುದೋ ಹಕ್ಕಿ ಗಹಗಹಿಸಿ ನಗುತ್ತಿತ್ತು. ಹಿತ್ತಿಲಲ್ಲಿ ಕಟ್ಟಿದ್ದ ಬಟ್ಟೆ ತಂತಿಯ ಮೇಲೆ ನನ್ನ ಸೀರೆ ಒಣಗುತ್ತಿರುವಂತೆ, ನಾನು ಇಲ್ಲೇ ಕುಳಿತು ಅವರೆಕಾಳು ಹಿಚುಕುತ್ತಿರುವಂತೆ, ಅಮ್ಮ ಬಂದು ಹಲಗೆಯನ್ನು ಕಾಲಲ್ಲಿ ಒತ್ತಿ ನೋಡುತ್ತಿರುವಂತೆ ಕಾಣತೊಡಗಿತು. ಎಷ್ಟು ಹೊತ್ತು ಹಾಗಿದ್ದೆನೋ.

"ಏಳೇ, ಎಲ್ಲಾ ಹೋದ್ರು," ರಘು ಭುಜ ಹಿಡಿದು ಅಲುಗಿಸಿದ. "ಏಜೆಂಟ್ ಹತ್ರ ಒಂದು ಮಾತಾದ್ರೂ ಆಡ್ಬಾರ್ದಿತ್ತಾ? ಹೋಯ್ತು ಬಿಡು, ಈ ಮನೇನೂ."

ಆ ಮನೆ ನಮಗೇ ಸಿಕ್ಕಿತು. ತಂಗಿಗೆ ಫೋನು ಮಾಡಿ, "ಚಪ್ಪಲಿ ಬಿಟ್ಟಿದ್ದಕ್ಕೇ ಕಣೇ, ಸಂಸ್ಕಾರ ಅಂದ್ರೆ ಸುಮ್ನೆನಾ?" ಎಂದು ಬೀಗಿದೆ.

ಸಾಮಾನು ಇಳಿಸಿದ ಮಧ್ಯಾಹ್ನ ಮಳೆ ಹುಯ್ದು ನಿಂತಿತ್ತು. ಪಕ್ಕದ ಮನೆಯಲ್ಲೇ ಇರುವ ನಮ್ಮ ಮನೆಯೊಡತಿ ಮೊರೀನ್, ಎಪ್ಪತ್ತು ದಾಟಿದವರು, ಪರಂಗಿಹಣ್ಣು ಹಿಡಿದು ಹುಲ್ಲಿನ ಮೇಲೆ ಬರಿಗಾಲಲ್ಲೇ ಬಂದರು. ನಾವು ಚಪ್ಪಲಿ ಬಿಟ್ಟದ್ದನ್ನು ಮೆಚ್ಚಿ ಮನೆ ಕೊಟ್ಟಿರಾ ಎಂದು ಕೇಳಿಯೇಬಿಟ್ಟೆ. ಅವರಿಗೆ ಚಪ್ಪಲಿಯ ವಿಷಯವೇ ಗೊತ್ತಿರಲಿಲ್ಲ.

"ಬೇಲಿ ಹತ್ತಿರದಿಂದ ನೋಡ್ತಾ ಇದ್ದೆ. ಎಲ್ಲರೂ ಅಳೀತಾ ಇದ್ರು. ನೀನು ಕೂತ್ಕೊಂಡೆ," ಎಂದರು ತಮ್ಮ ಇಂಗ್ಲಿಷಿನಲ್ಲಿ.

ಆಮೇಲೆ ಮೆಟ್ಟಿಲ ಬುಡದಲ್ಲೇ ನಿಂತು, ಕೆಸರಾದ ತಮ್ಮ ಪಾದಗಳನ್ನೊಮ್ಮೆ ನೋಡಿಕೊಂಡು, ತಮ್ಮದೇ ಮನೆಯ ಮುಂದೆ ನನ್ನನ್ನು ಕೇಳಿದರು: "ಒಳಗೆ ಬರಬಹುದಾ?"

ಈ ದೇಶದಲ್ಲಿ ಬಾಗಿಲು ಬಾಗಿಲಿಗೂ ಆ ಮಾತು ಕೇಳಿಕೊಂಡು ಅಲೆದವಳು ನಾನು; ನನ್ನನ್ನು ಯಾರೂ ಕೇಳಿರಲಿಲ್ಲ. ಬಿಚ್ಚದ ಪೆಟ್ಟಿಗೆಗಳಲ್ಲೆಲ್ಲ ತಡಕಾಡಿ ಚೊಂಬು ಹುಡುಕಿ, ನೀರು ತುಂಬಿ ತಂದೆ.

"ಬನ್ನಿ ಆಂಟಿ, ಕಾಲು ತೊಳ್ಕೊಳ್ಳಿ," ಎಂದೆ, ಅವಸರಕ್ಕೆ ಕನ್ನಡದಲ್ಲೇ.

ಅವರು ಒಂದು ಕೈಯಲ್ಲಿ ಪರಂಗಿಹಣ್ಣು, ಇನ್ನೊಂದು ಕೈಯಲ್ಲಿ ನನ್ನ ಭುಜ ಹಿಡಿದುಕೊಂಡು, ಒಂದೊಂದೇ ಕಾಲು ಮುಂದೆ ಚಾಚಿದರು.